ಎಡಕ್ಕೆ ಕೂತವಳು

ಯಾರ ಜೊತೆ ಎಲ್ಲಿಗೆ ಹೋದರೂ ನಾನು ಅವರ ಎಡಕ್ಕೇ ಕೂರುತ್ತೇನೆ. ಬಸ್ಸಿನಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ, ಆಸ್ಪತ್ರೆಯ ಬೆಂಚಿನ ಮೇಲೆ, ಎಲ್ಲೇ ಆಗಲಿ. ಬಲಕ್ಕೆ ಜಾಗ ಖಾಲಿಯಿದ್ದರೂ ಸುತ್ತು ಹಾಕಿಕೊಂಡು ಎಡಕ್ಕೆ ಬರುತ್ತೇನೆ. ಮದುವೆಯಾದ ಹೊಸತರಲ್ಲಿ ನಮ್ಮ ಯಜಮಾನರು ಇದನ್ನು ಹೆಂಡತಿಯ ಸಂಪ್ರದಾಯ ಎಂದುಕೊಂಡು ಹಿಗ್ಗಿದ್ದರು. ಅವರ ಹಿಗ್ಗನ್ನು ನಾನೇಕೆ ಕೆಡಿಸಲಿ ಎಂದು ಸುಮ್ಮನಿದ್ದೆ. ನಿಜ ಹೇಳಬೇಕೆಂದರೆ ನಾನು ಪಕ್ಕವಾದ್ಯದವಳು. ಕಚೇರಿಯಲ್ಲಿ ಹಾಡುವವರು ನಡುವೆ, ಅವರ ಬಲಕ್ಕೆ ಮೃದಂಗ, ಎಡಕ್ಕೆ ಪಿಟೀಲು. ಲಂಗ ಉಡುವ ವಯಸ್ಸಿನಿಂದ ಹಾಗೆ ಕೂತೂ ಕೂತೂ, ನನ್ನ ಬಲಗಡೆ ಒಬ್ಬರು ದೊಡ್ಡವರು ಇಲ್ಲದಿದ್ದರೆ ಏನೋ ಕಳೆದುಕೊಂಡ ಹಾಗೆ ಆಗುತ್ತದೆ.

ಬಸರಾಳಿನಲ್ಲಿ ನನಗೆ ಪಿಟೀಲು ಕಲಿಸಿದ ಮೇಷ್ಟ್ರು ಮಂಡ್ಯದಿಂದ ಶನಿವಾರದ ಬಸ್ಸಿಗೆ ಬರುತ್ತಿದ್ದರು. ಕೈಚೀಲದಲ್ಲಿ ಎಲೆಅಡಿಕೆ, ಜೊತೆಗೆ ಒಂದು ಹಳೇ ಪೌಡರ್ ಡಬ್ಬಿಯಲ್ಲಿ ಕಮಾನಿಗೆ ಉಜ್ಜುವ ರಾಳ. ರಾಳದ ಪುಡಿ ಲಂಗದ ಮೇಲೆ ಉದುರಿ, ಅವ್ವ ಅದನ್ನು ಒಲೆಯ ಬೂದಿ ಎಂದುಕೊಂಡು ಕೊಡವಿ ಕೊಡವಿ ಬೈಯುತ್ತಿದ್ದಳು. ಮೇಷ್ಟ್ರಿಗೆ ಇದ್ದದ್ದು ಒಂದೇ ಭಯ, ನಾನೆಲ್ಲಿ ಹಾಡುವವರಿಗಿಂತ ಮುಂದೆ ಹೋಗಿಬಿಡುತ್ತೇನೋ ಎಂದು. "ಅವರ ಬಾಯಿಂದ ಸ್ವರ ಬಿದ್ಮೇಲೆ ನೀನು ಎತ್ಕೊ ಮಗಾ. ಬೀಳಕ್ ಮುಂಚೆ ಕೈ ಚಾಚಬೇಡ" ಎನ್ನುತ್ತಿದ್ದರು. ನನ್ನ ಮೊಣಕೈಯನ್ನು ಎರಡು ಬೆರಳಲ್ಲಿ ಹಿಡಿದು, ತಾವು ಒಂದು ಸಾಲು ಹಾಡಿ, ಆಮೇಲೆ ಬಿಡುತ್ತಿದ್ದರು. ಪಾಠ ಮೈಗೆ ಎಷ್ಟು ಹತ್ತಿತೆಂದರೆ ಇವತ್ತಿಗೂ ಹೋಟೆಲಿನಲ್ಲಿ ಮಾಣಿ ಬಂದು ನಿಂತರೆ ಜೊತೆಯವರು ಹೇಳುವವರೆಗೆ ಕಾದು "ನಂಗೂ ಅದೇ" ಎನ್ನುತ್ತೇನೆ. ಮಂಡ್ಯದ ಅಂಚೆ ಕಚೇರಿಯಲ್ಲಿ ಕೌಂಟರಿನ ಹಿಂದೆ ಕೂರುವ ಕೆಲಸ ನನ್ನದು. ಅಲ್ಲಿಯೂ ಮೇಲಿನವರು ನಕ್ಕ ಮೇಲೆ ಅರ್ಧ ಕ್ಷಣ ಬಿಟ್ಟು ನಗುತ್ತೇನೆ.

ಇದರಿಂದ ಯಾರಿಗೂ ತೊಂದರೆಯಿಲ್ಲ ಎಂದೇ ಇಷ್ಟು ವರ್ಷ ಅಂದುಕೊಂಡಿದ್ದೆ. ಈ ಬೇಸಿಗೆಯಲ್ಲಿ ಮದ್ದೂರಿನ ಒಂದು ಮನೆಯಲ್ಲಿ ಆ ನಂಬಿಕೆ ಕೆಟ್ಟಿತು.

ಮನೆ ತಸ್ನೀಮಳದು. ಪಿಯುಸಿಯಲ್ಲಿ ಇಬ್ಬರದೂ ಒಂದೇ ಬೆಂಚು. ಈಗ ಅವಳು ಮದ್ದೂರಿನ ಶಾಲೆಯೊಂದರಲ್ಲಿ ಗಣಿತದ ಮೇಡಂ. ನನಗೆ ಆಗ ತಿಳಿಯದೆ ಇದ್ದ ಒಂದು ಸಂಗತಿಯನ್ನು ನಿಮಗೆ ಈಗಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನ್ನ ಪೆದ್ದುತನ ನಿಮಗೆ ಪೂರ್ತಿ ಅರ್ಥವಾಗುವುದಿಲ್ಲ. ತಸ್ನೀಮಳ ಕಿವಿ ಹೋಗುತ್ತಿತ್ತು. ಎಡಗಿವಿ ಆಗಲೇ ಕಲ್ಲಾಗಿತ್ತು. ಬಲಗಿವಿ ಅದೇ ದಾರಿ ಹಿಡಿದಿತ್ತು. ಇನ್ನೆಷ್ಟು ದಿನ ಎಂದು ಹೇಳಲಾಗುವುದಿಲ್ಲ, ಕೇಳಬೇಕು ಅನ್ನಿಸಿದ್ದನ್ನೆಲ್ಲ ಕೇಳಿಕೊಳ್ಳಿ ಎಂದು ಮೈಸೂರಿನ ಡಾಕ್ಟರು ಹೇಳಿ ಕಳಿಸಿದ್ದರು. ಅವಳು ಇದನ್ನು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಎಲ್ಲರೂ ತನ್ನೆದುರು ಕೂಗಿ ಕೂಗಿ, ಬಾಯಿ ಅಗಲಿಸಿ ಮಾತಾಡುತ್ತಾರೆ ಎಂಬ ಅಂಜಿಕೆ.

ಅವಳ ಮನೆಯಲ್ಲಿ ಒಂದು ಪಿಯಾನೊ ಇದೆ. ಅವಳ ಅಬ್ಬಾ ಪೇಟೆಬೀದಿಯಲ್ಲಿ ಹೊಲಿಗೆ ಮಷೀನು, ಹಾರ್ಮೋನಿಯಂ ರಿಪೇರಿ ಮಾಡುತ್ತಿದ್ದವರು. ಮಳವಳ್ಳಿ ಕಡೆಯ ಯಾವುದೋ ಹಳೇ ಬಂಗಲೆ ಖಾಲಿ ಮಾಡುವಾಗ ಅದನ್ನು ಲಾರಿಯಲ್ಲಿ ಹಾಕಿಸಿಕೊಂಡು ಬಂದರಂತೆ, ಸರಿಮಾಡಿ ಮಾರಿದರಾಯಿತು ಎಂದು. ಅದು ಒಳಗೆ ಹೋದ ಮೇಲೆ ಮನೆಗೆ ಹೊಸ ಬಾಗಿಲು ಇಡಿಸಿದರು. ಬಾಗಿಲು ಪಿಯಾನೊಗಿಂತ ಚಿಕ್ಕದಾಯಿತು. ಹೀಗೆ ಪಿಯಾನೊ ಮನೆಯವರಲ್ಲಿ ಒಂದಾಗಿ ಉಳಿಯಿತು, ತಸ್ನೀಮ್ ಕಾನ್ವೆಂಟಿನ ಸಿಸ್ಟರ್ ಒಬ್ಬರ ಹತ್ತಿರ ಅದನ್ನು ಕಲಿತಳು. ಕಾಲೇಜಿನ ದಿನಗಳಲ್ಲಿ ನಾನು ಅವಳ ಪಿಯಾನೊ ಕೇಳಿ, ಗಮಕವೇ ಇಲ್ಲದ ಇದೆಂಥ ಸಂಗೀತವೇ, ಸ್ವರಗಳು ಒಂದೊಂದೂ ಬೇರೆ ಬೇರೆ ಮನೆ ಮಾಡಿಕೊಂಡಿವೆ ಎನ್ನುತ್ತಿದ್ದೆ. ನಿನ್ನ ಪಿಟೀಲಲ್ಲಿ ಎಲ್ಲಾ ಒಂದೇ ಮನೇಲಿ ಜಗಳ ಆಡ್ತವೆ ಎಂದು ಅವಳು ತಿರುಗಿಸಿ ಕೊಡುತ್ತಿದ್ದಳು.

ಕಳೆದ ಚಳಿಗಾಲದ ಒಂದು ಭಾನುವಾರ ಅವಳ ಮನೆಗೆ ಹೋದಾಗ ಮೊಬೈಲಿಗೆ ಇಯರ್‌ಫೋನು ಸಿಕ್ಕಿಸಿ, ಒಂದು ತುದಿ ನನಗೆ ಕೊಟ್ಟು, ಇನ್ನೊಂದನ್ನು ತನ್ನ ಬಲಗಿವಿಗೆ ಇಟ್ಟುಕೊಂಡಳು. ಪರದೆಯ ಮೇಲೆ ಐದು ಜನ. ಒಂದು ಪಿಯಾನೊ, ಒಂದು ಪಿಟೀಲು, ಪಿಟೀಲಿನ ಅಕ್ಕನಂತೆ ವಯೊಲ, ಮಂಡಿಗಳ ನಡುವೆ ಇಟ್ಟುಕೊಂಡ ಚೆಲ್ಲೊ. ಹಿಂದೆ ಒಬ್ಬಾತ ಆಳೆತ್ತರದ ಡಬಲ್ ಬಾಸನ್ನು ತಬ್ಬಿಕೊಂಡು ನಿಂತಿದ್ದ. ಸಾಮಾನ್ಯವಾಗಿ ಪಿಯಾನೊ ಜೊತೆಗೆ ಡಬಲ್ ಬಾಸ್ ಇಡುವುದಿಲ್ಲವಂತೆ, ಇದು ಅಪರೂಪದ ಕೂಟ ಎಂದು ತಸ್ನೀಮ್ ವಿವರಿಸಿದಳು. ನನಗೆ ಅಪರೂಪ ಅನ್ನಿಸಿದ್ದು ಬೇರೆ. ಅಷ್ಟು ಹೊತ್ತು ಕೇಳಿದರೂ ಅವರಲ್ಲಿ ಮುಖ್ಯ ಕಲಾವಿದರು ಯಾರು ಎಂದು ನನಗೆ ತಿಳಿಯಲಿಲ್ಲ.

"ಇದ್ರಲ್ಲಿ ಹಾಡೋರು ಯಾರೇ?" ಎಂದು ಕೇಳಿದೆ.

"ಎಲ್ಲರೂವೆ."

"ಮತ್ತೆ ಪಕ್ಕವಾದ್ಯ?"

"ಎಲ್ಲರೂವೆ" ಎಂದಳು ತಸ್ನೀಮ್.

ನಾನು ನಗಲಿಲ್ಲ. ಪಿಟೀಲಿನ ಹುಡುಗಿ ಒಂದು ಸಾಲು ಎತ್ತಿಕೊಟ್ಟಳು, ಪಿಯಾನೊ ಅದನ್ನು ಕೈಗೆ ತೆಗೆದುಕೊಂಡು ಇನ್ನೊಂದು ಕಡೆ ತಿರುಗಿಸಿತು. ಅಷ್ಟರಲ್ಲಿ ಮೂಲೆಯ ಡಬಲ್ ಬಾಸು ನಾನೂ ಇದ್ದೇನೆ ಎಂದು ಗಂಟಲು ಸರಿಮಾಡಿಕೊಂಡಿತು. ಯಾರೂ ಯಾರ ಅಪ್ಪಣೆಗೂ ಕಾಯುತ್ತಿರಲಿಲ್ಲ, ಆದರೂ ಒಬ್ಬರನ್ನೊಬ್ಬರು ಬಿಟ್ಟುಹೋಗುತ್ತಿರಲಿಲ್ಲ. ಹೊಟ್ಟೆಯುರಿಯಿತು. ಈ ವಯಸ್ಸಿನಲ್ಲಿ ಒಂದು ಹೊಸ ಸಂಗೀತ ಕೇಳಿ ಮೊದಲು ಹುಟ್ಟಿದ್ದು ಹೊಟ್ಟೆಕಿಚ್ಚು ಎಂದು ಹೇಳಿಕೊಳ್ಳಲು ನಾಚಿಕೆಯೇನೂ ಇಲ್ಲ. ಆಮೇಲೆ ಮಂಡ್ಯದ ರೈಲಿನಲ್ಲಿ, ಅಡುಗೆಮನೆಯಲ್ಲಿ, ಎಲ್ಲೆಂದರಲ್ಲಿ ಅದೇ ಗುಂಗು. ಪಿಯಾನೊ ಜೊತೆ ಮೂರು ತಂತಿವಾದ್ಯ, ನಾಲ್ಕು, ಎರಡೇ ಎರಡು, ಹೀಗೆ ಜಗತ್ತಿನಲ್ಲಿ ಯಾರ್ಯಾರು ಯಾರ್ಯಾರ ಜೊತೆ ಕೂತು ನುಡಿಸಿದ್ದಾರೋ ಅದನ್ನೆಲ್ಲ ಹುಡುಕಿ ಹುಡುಕಿ ಕೇಳಿದೆ.

"ಏನದು?" ಎಂದು ಯಜಮಾನರು ಕೇಳಿದಾಗ "ಚೇಂಬರ್ ಮ್ಯೂಸಿಕ್ಕು" ಎಂದೆ.

"ಅದಕ್ಯಾಕೆ ಮೊಬೈಲು? ನಮ್ಮ ಬೀದಿ ಚೇಂಬರು ಕಟ್ಕೊಂಡು ಬುಳುಬುಳು ಅಂತಾ ಅದಲ್ಲ, ಬಾಗಿಲು ತೆಗಿ, ಪುಗಸಟ್ಟೆ ಕೇಳು" ಎಂದರು. ಮಂಡ್ಯದಲ್ಲಿ ಚೇಂಬರೆಂದರೆ ಒಳಚರಂಡಿಯ ಗುಂಡಿ. ಅದರ ಮೇಲಿನ ಮುಚ್ಚಳ ಸರಿದರೆ ಇಡೀ ಬೀದಿ ಮೂಗು ಮುಚ್ಚಿಕೊಳ್ಳುತ್ತದೆ. ಕೋಣೆಯೊಳಗೆ ನಾಲ್ಕು ಜನ ಹತ್ತಿರ ಹತ್ತಿರ ಕೂತು ನುಡಿಸುವ ಸಂಗೀತ ಎಂದು ವಿವರಿಸಿದೆ. ಅವರು ಬಹಳ ಗಂಭೀರವಾಗಿ ತಲೆಯಾಡಿಸಿ, ಗುಂಡಿಯೊಳಗೆ ನಾಲ್ಕು ಜನ ಹಿಡಿಸಲ್ಲ ಎಂದರು.

ಯುಗಾದಿಯ ಹೊತ್ತಿಗೆ ತಸ್ನೀಮ್ ಫೋನು ಮಾಡಿದಳು. "ಕೇಳಿದ್ದು ಸಾಕು, ನುಡಿಸೋಣ. ಬೇಸಿಗೆ ರಜಾ ಮುಗಿಯೋದ್ರೊಳಗೆ ಒಂದ್ಸಲ ನೆಟ್ಟಗೆ ನುಡಿಸಬೇಕು." ಅವಸರ ಏನೇ ಎಂದರೆ, "ಇದೆ, ಬಾ" ಎಂದು ಇಟ್ಟುಬಿಟ್ಟಳು. ಚೆಲ್ಲೊ ನುಡಿಸುವವರನ್ನು ಹುಡುಕಿದಳು, ಸಿಗಲಿಲ್ಲ. ಸಿಕ್ಕಿದ್ದು ಡಬಲ್ ಬಾಸ್. ಅವಳ ವಿದ್ಯಾರ್ಥಿನಿಯೊಬ್ಬಳ ತಾತ ನಿಂಗಯ್ಯನವರು, ಕಿರುಗಾವಲಿನವರು, ಪೊಲೀಸ್ ಬ್ಯಾಂಡಿನಲ್ಲಿ ಅದನ್ನೇ ನುಡಿಸಿ ನಿವೃತ್ತರಾದವರು. ಮೈಸೂರಿನ ಯಾರೋ ಮಾರಿದ ಹಳೆಯದೊಂದನ್ನು ಮನೆಯಲ್ಲಿ ಇಟ್ಟುಕೊಂಡಿದ್ದರು. ಊರಿನ ಮಕ್ಕಳ ಬಾಯಲ್ಲಿ ಅದರ ಹೆಸರು ಆನೆಪಿಟೀಲು. ನಮ್ಮ ಮೂವರಿಗಾಗಿ ತಸ್ನೀಮ್ ಒಂದು ಚಿಕ್ಕ ರಚನೆಯನ್ನು ತಾನೇ ಕೂತು ಹೊಂದಿಸಿದಳು. ಪಿಯಾನೊ, ಪಿಟೀಲು, ಆನೆಪಿಟೀಲು. ಅಪರೂಪದ ಕೂಟ ಎಂದರೆ ಇದಕ್ಕಿಂತ ಅಪರೂಪದ್ದು ಎಲ್ಲಿಂದ ತರುವುದು?

ಮೊದಲ ದಿನ ನಿಂಗಯ್ಯನವರು ಬಂದಾಗ ಬೆವತು ಹೋಗಿದ್ದರು. ಬಸ್ಸಿನ ಕಂಡಕ್ಟರು ಹೊದಿಕೆ ಹಾಕಿದ ವಾದ್ಯವನ್ನು ಮೇಲಿಂದ ಕೆಳಗೆ ನೋಡಿ "ಇದು ಎಂಗ್ಸೋ ಗಂಡ್ಸೋ? ಎಂಗ್ಸಾದ್ರೆ ಫ್ರೀ, ಆಧಾರ್ ಕಾರ್ಡ್ ತೋರ್ಸು" ಎಂದನಂತೆ. "ಸೊಂಟ ನೋಡಿದ್ರೆ ಗೊತ್ತಾಗಾಕಿಲ್ವೇನ್ಲಾ ಅಂದೆ ಕಣವ್ವ. ಆದ್ರೂವೆ ಲಗೇಜು ಅರ್ದ" ಎಂದು ಕೂತು ನೀರು ಕುಡಿದರು. ಪಿಯಾನೊ ಅಷ್ಟು ವರ್ಷದಲ್ಲಿ ಸೊರಗಿ ಅರ್ಧ ಸ್ವರ ಕೆಳಗಿಳಿದಿತ್ತು. ನನಗೆ ಅದೇನೂ ದೊಡ್ಡದಲ್ಲ, ನೆಗಡಿಯಾದ ಗಾಯಕರಿಗಾಗಿ ಎಷ್ಟು ಸಲ ಶ್ರುತಿ ಇಳಿಸಿಲ್ಲ! ನಿಂಗಯ್ಯನವರು ಮಾತ್ರ ತಂತಿ ಸಡಿಲಿಸುತ್ತ, ಡ್ಯೂಟಿಯಲ್ಲಿ ಹೀಗೆ ಮಾಡಿದ್ದರೆ ಮೆಮೊ ಕೊಡುತ್ತಿದ್ದರು ಎಂದು ಗೊಣಗಿದರು. ನಾನು ಪಿಯಾನೊದ ಎಡಕ್ಕೆ, ಒಂದು ಮೊಳ ಹಿಂದಕ್ಕೆ, ಚಾಪೆ ಹಾಸಿಕೊಂಡು ಕೂತೆ. ಎಲ್ಲಿ ಕೂರಲಿ ಎಂದು ಕೇಳುವ ಯೋಚನೆಯೇ ಬರಲಿಲ್ಲ.

ರಚನೆ ಶುರುವಾಗುವುದು ಪಿಟೀಲಿನಿಂದ. ಎರಡು ಸಾಲು ನಾನೊಬ್ಬಳೇ. ಆಮೇಲೆ ಪಿಯಾನೊ, ಅದರ ಬೆನ್ನಿಗೆ ಡಬಲ್ ಬಾಸ್. ಮುಂದೆ ಹಾಡುವವರು ಯಾರೂ ಇಲ್ಲದೆ ಕಮಾನು ತಂತಿಗೆ ತಾಗುತ್ತಲೇ ಇರಲಿಲ್ಲ. ನಾನು ತಸ್ನೀಮಳ ಬೆನ್ನು ನೋಡುತ್ತ ಕಾಯುವುದು, ಅವಳು ಕೈ ಎತ್ತಿಕೊಂಡು ಕಾಯುವುದು, ನಿಂಗಯ್ಯನವರು ಇಬ್ಬರನ್ನೂ ನೋಡುತ್ತ ಕಾಯುವುದು. ಮೂವರೂ ಹೀಗೆ ಬಸ್ಸಿಗೆ ಕಾದವರಂತೆ ಕೂತು, ಕಡೆಗೆ ನಾನು ಅಂಜುತ್ತ ಎಳೆದರೆ, ಅವಳು ಒಂದೋ ಮೊದಲನೇ ಸಾಲಿನಲ್ಲೇ ನುಗ್ಗಿಬಿಡುವಳು, ಇಲ್ಲವೇ ನನ್ನ ಎರಡೂ ಸಾಲು ಮುಗಿದು ಮೌನವಾದರೂ ಕೈ ಇಳಿಸದೆ ಕೂರುವಳು.

"ಮೇಡಮ್ನೋರೆ, ವಸಿ ತಡೀರಿ, ಪಿಟೀಲು ಇನ್ನೂ ಮುಗ್ದಿಲ್ಲ" ಎನ್ನುತ್ತಿದ್ದರು ನಿಂಗಯ್ಯನವರು.

"ಕಾಫಿ ಆಮೇಲೆ ಮಾಡ್ತೀನಿ ನಿಂಗಯ್ಯನೋರೆ" ಎಂದಳು ಒಂದು ಸಲ. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಅವಳಿಗೆ ನಮ್ಮ ಮೇಲೆ ಬೇಸರ ಬಂದಿದೆ ಎಂದುಕೊಂಡೆ.

ಭಾನುವಾರಗಳು ಕಳೆದಂತೆ ಕೋಣೆಯೊಳಗೆ ಉಸಿರು ಕಟ್ಟತೊಡಗಿತು. ಅವಳ ಮುಖ ಬಿಗಿಯುತ್ತಿತ್ತು, ನನ್ನದು ಊದುತ್ತಿತ್ತು. ಅವಳು ಜೋರಾಗಿ, ಇನ್ನೂ ಜೋರಾಗಿ ಬಡಿಯತೊಡಗಿದಳು. ನನ್ನ ಪಿಟೀಲು ಅದರಡಿ ಸಿಕ್ಕಿ ಸಾಯುತ್ತಿತ್ತು. ಹಿಂದೊಮ್ಮೆ ನಾನು ಪಕ್ಕವಾದ್ಯ ನುಡಿಸುತ್ತಿದ್ದ ಒಬ್ಬ ಗಾಯಕರಿದ್ದರು. ನನ್ನ ಸರದಿ ಬಂದು ನಾಲ್ಕು ಸ್ವರ ನುಡಿಸುವುದರೊಳಗೆ ನೊಣ ಓಡಿಸುವ ಹಾಗೆ ಎಡಗೈ ಬೀಸಿ ನಿಲ್ಲಿಸಿಬಿಡುತ್ತಿದ್ದರು. ಗಣೇಶನ ಪೆಂಡಾಲಿನಲ್ಲಿ ಅಷ್ಟು ಜನರೆದುರು ಕಮಾನನ್ನು ಮಡಿಲಲ್ಲಿಟ್ಟುಕೊಂಡು ನಗುತ್ತ ಕೂತಿರಬೇಕು. ಅಂಥ ಅವಮಾನಗಳನ್ನು ಹೊಟ್ಟೆಗೆ ಹಾಕಿಕೊಂಡವಳಿಗೆ ತಸ್ನೀಮಳೂ ಅದೇ ಜಾತಿಗೆ ಸೇರಿದವಳು ಅನ್ನಿಸಿಬಿಟ್ಟಿತು. ಎಲ್ಲರೂ ಹಾಡೋರು, ಎಲ್ಲರೂ ಪಕ್ಕವಾದ್ಯ ಎಂದದ್ದೆಲ್ಲ ಬಾಯಿಮಾತು ಎಂದು ರೈಲಿನಲ್ಲಿ ಒಬ್ಬಳೇ ಕುದಿಯುತ್ತ ಮನೆಗೆ ಬಂದೆ.

ರಜೆ ಮುಗಿಯಲು ಒಂದೇ ಭಾನುವಾರ ಉಳಿದಿತ್ತು. ಅಂದು ಮಧ್ಯಾಹ್ನ ಅಷ್ಟು ಸೆಕೆಯಲ್ಲೂ ಫ್ಯಾನು ಹಾಕಿರಲಿಲ್ಲ, ಶಬ್ದವಾಗುತ್ತದೆಂದು. ನಾನು ಮೊದಲನೇ ಸಾಲು ಎತ್ತಿ ಅರ್ಧಕ್ಕೆ ಬಂದಿದ್ದೆ, ತಸ್ನೀಮ್ ಧಡಾರೆಂದು ಎರಡೂ ಕೈ ಇಳಿಸಿದಳು. ನಾನು ಪಿಟೀಲನ್ನು ಚಾಪೆಯ ಮೇಲಿಟ್ಟೆ.

"ತಸ್ನೀಮ್" ಎಂದೆ. ಅವಳು ನುಡಿಸುತ್ತಲೇ ಇದ್ದಳು. "ಲೇ ತಸ್ನೀಮ್!"

ನಿಂಗಯ್ಯನವರು ಬಂದು ಪಿಯಾನೊದ ಮೇಲೆ ಕೈ ಇಟ್ಟರು. ಅವಳು ನಿಲ್ಲಿಸಿ ನನ್ನ ಕಡೆ ತಿರುಗಿದಳು.

"ನಾನು ಸುರು ಮಾಡಿ ಬಾಯಿ ಮುಚ್ಚೋದ್ರೊಳಗೆ ನುಗ್ತೀಯಲ್ಲ, ನಾನೇನು ಇಲ್ಲಿ ಬೊಂಬೆ ಕೂರ್ಸಿದ ಹಾಗೆ ಕೂತಿದೀನಾ?"

"ನೀನು ಸುರು ಮಾಡ್ದೆ ಅಂತ ನಂಗೆ ಹೆಂಗೆ ಗೊತ್ತಾಗಬೇಕು?"

"ಹೆಂಗೆ ಅಂದ್ರೆ? ಕಿವಿ ಇಲ್ವಾ ನಿಂಗೆ?"

ನಮ್ಮ ಕಡೆ ಇದು ಬೈಗುಳದ ಲೆಕ್ಕಕ್ಕೂ ಇಲ್ಲದ ಮಾತು. ದಿನಕ್ಕೆ ಹತ್ತು ಸಲ ಹತ್ತು ಜನಕ್ಕೆ ಅನ್ನುತ್ತೇವೆ. ಕೌಂಟರಿನ ಮುಂದೆ ಬಂದವರಿಗೆ ನಾನೂ ಅಂದಿದ್ದೇನೆ, ಅವರೂ ನನಗೆ ಅಂದಿದ್ದಾರೆ.

"ಇಲ್ಲ ಕಣೇ" ಎಂದಳು ತಸ್ನೀಮ್.

ಮೊದಲು ಅದೂ ಎದುರು ಮಾತು ಎಂದುಕೊಂಡೆ. ಇನ್ನೇನೋ ಅನ್ನಲು ಬಾಯಿ ತೆರೆದಿದ್ದೆ. ಅವಳು ಎಡಗಿವಿಯ ಮೇಲಿಂದ ದುಪಟ್ಟಾ ಸರಿಸಿ, ಬಾಗಿಲು ತಟ್ಟುವ ಹಾಗೆ ಅದನ್ನು ಬೆರಳಿಂದ ತಟ್ಟಿದಳು. "ಇದು ಹೋಗಿ ವರ್ಷ ಆಯ್ತು. ಇನ್ನೊಂದೂ ಹೋಗ್ತಾ ಇದೆ. ಮಷೀನು ಹಾಕ್ಕೊಂಡ್ರೆ ಪಿಯಾನೊ ಸ್ಟೀಲ್ ತಟ್ಟೆ ಬಡಿದಂಗೆ ಕೇಳತ್ತೆ. ಪೂರ್ತಿ ಹೋಗೋಕ್ ಮುಂಚೆ ಒಂದ್ಸಲ ಮೂರೂ ಒಟ್ಟಿಗೆ ಕೇಳಬೇಕು ಅಂತಿತ್ತು, ಮೊಬೈಲಲ್ಲಲ್ಲ, ಪಕ್ಕದಲ್ಲಿ. ನೀನು ಅಲ್ಲಿ ಹಿಂದೆ ಹೋಗಿ ಕೂರ್ತೀಯ. ಕಣ್ಣಿಗೂ ಕಾಣಲ್ಲ, ಕಿವಿಗೂ ಬೀಳಲ್ಲ. ಅಂದಾಜಿನ ಮೇಲೆ ನುಡಿಸ್ತೀನಿ."

"ಹೇಳಬಾರದಾಗಿತ್ತೇನೆ?" ಎಂದೆ.

"ಹೇಳಿದ್ರೆ ಹಿಂಗೇ ಅಳುಮುಖ ಮಾಡ್ಕೊಂಡು ಕೂರ್ತಿದ್ದೆ."

ಇಯರ್‌ಫೋನಿನ ಒಂದು ತುದಿ ಕೊಟ್ಟದ್ದು ಉಪಚಾರಕ್ಕೆ ಎಂದುಕೊಂಡಿದ್ದೆನಲ್ಲ, ಅವಳಿಗೆ ಅದರಿಂದ ಉಪಯೋಗವೇ ಇರಲಿಲ್ಲ. ನನಗೆ ನನ್ನ ಮೇಲೆಯೇ ವಿಪರೀತ ಸಿಟ್ಟು ಬಂತು. ಪಕ್ಕದಲ್ಲಿ ಕೂತು ಇನ್ನೊಬ್ಬರನ್ನು ಕೇಳುವುದೇ ಕಸುಬು ಎಂದು ಬೀಗುವವಳು ನಾನು. ಬೇಸಿಗೆಯಿಡೀ ಅವಳ ಸತ್ತ ಕಿವಿಯ ಪಕ್ಕ ಕೂತು, ಅವಳು ಕೇಳಿಸಿಕೊಳ್ಳುತ್ತಿಲ್ಲ ಎಂದು ಮುನಿಸಿಕೊಂಡಿದ್ದೆ.

ಮಾತು ಮುಂದುವರಿಸಲು ನಿಂಗಯ್ಯನವರು ಬಿಡಲಿಲ್ಲ. "ಅಳಾದು ಆಮ್ಯಾಕೆ ಮಾಡ್ಕಳಿ. ಏಳವ್ವ ಪದ್ಮವ್ವ, ಆ ಮಂಚ ಇಡ್ಕೊ" ಎಂದು ನನ್ನನ್ನು ಎಬ್ಬಿಸಿದರು. ಗೋಡೆಯ ಪಕ್ಕದ ದಿವಾನವನ್ನು ಎಳೆದು ಪಿಯಾನೊದ ಬಲಕ್ಕೆ ಒತ್ತಿ ಇಟ್ಟೆವು. ಕುರ್ಚಿಯ ಮೇಲೆ ನನಗೆ ನುಡಿಸಲು ಬರುವುದಿಲ್ಲ, ಪಿಟೀಲಿನ ತಲೆಯನ್ನು ಪಾದದ ಮೇಲೆ ಊರಬೇಕು. ದಿವಾನದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರೆ ನನ್ನ ಪಿಟೀಲು ಅವಳ ಬಲಗಿವಿಯ ಮಟ್ಟಕ್ಕೇ ಬಂತು. ನಿಂಗಯ್ಯನವರು ಅಡುಗೆಮನೆಯಿಂದ ಒಂದು ಹಲಗೆ ತಂದು ಅವಳ ಪಾದಗಳ ಕೆಳಗಿನಿಂದ ತಮ್ಮ ಕಡೆಗೆ ಚಾಚಿ, ಅದರ ಮೇಲೆ ಡಬಲ್ ಬಾಸಿನ ತಳದ ಮೊಳೆ ಊರಿದರು. ಒಂದು ಸಲ ಕಮಾನು ಎಳೆದರು. ತಸ್ನೀಮ್ ಬೆಚ್ಚಿ ಕಾಲು ನೋಡಿಕೊಂಡಳು. "ಅಂಗಾಲಿಗೆ ಬತ್ತಾ ಅದಾ? ಬತ್ತದೆ ಬುಡಿ" ಎಂದರು.

ಈಗ ನಾನು ಶುರು ಮಾಡಬೇಕು.

ನನ್ನ ಬಲಗಡೆ ಯಾರೂ ಇಲ್ಲ, ಬರಿಯ ಗೋಡೆ. ತಸ್ನೀಮಳ ಮುಖ ಮೊದಲ ಸಲ ಇಷ್ಟು ಹತ್ತಿರದಿಂದ ಕಾಣುತ್ತಿದೆ. ಅವಳು ಕಿವಿಯನ್ನು ನನ್ನ ಕಡೆ ಚಾಚಿ, ಕಣ್ಣು ಮುಚ್ಚಿ, ಕೈಯನ್ನು ಪಿಯಾನೊದ ಕೀಲಿಮಣೆಯ ಮೇಲೆ ಗಾಳಿಯಲ್ಲಿ ಹಿಡಿದಿದ್ದಾಳೆ. ನನ್ನ ಮೊಣಕೈಯನ್ನು ಯಾರೋ ಎರಡು ಬೆರಳಲ್ಲಿ ಹಿಡಿದುಕೊಂಡ ಹಾಗಿದೆ. ಬೀದಿಯಲ್ಲಿ ಕಬ್ಬಿನ ಟ್ರಾಕ್ಟರೊಂದು ಹಾಡು ಹಾಕಿಕೊಂಡು ಹೋಯಿತು, ಕಿಟಕಿಯ ಗಾಜು ಗಡಗಡ ಎಂದಿತು. ಅದು ದೂರವಾಗಲಿ ಎಂದು ಕಾದೆ. ದೂರವಾಯಿತು. ಆದರೂ ಕಾದೆ. ಇನ್ನು ಒಂದು ಕ್ಷಣ ತಡಮಾಡಿದರೆ ಅವಳು ಮತ್ತೆ ಅಂದಾಜಿನ ಮೇಲೆ ಕೈ ಇಳಿಸುತ್ತಾಳೆ, ಇದೂ ಕೆಟ್ಟುಹೋಗುತ್ತದೆ, ನಾಳೆಯಿಂದ ಶಾಲೆ. ಮುಂದಿನ ರಜೆಗೆ ಆ ಕಿವಿ ಇರುತ್ತದೋ ಇಲ್ಲವೋ.

ಎಳೆದೆ. ಚೆನ್ನಾಗಿಯೇನೂ ಬರಲಿಲ್ಲ, ಮೊದಲ ಸ್ವರ ಬಾಗಿಲ ತಿರುಗಣೆಯ ಹಾಗೆ ಕಿರುಗುಟ್ಟಿತು. ಬಿಡಲಿಲ್ಲ. ಎರಡು ಸಾಲು ಮುಗಿಯುವ ಜಾಗದಲ್ಲಿ, ಸರಿಯಾಗಿ ಅದೇ ಜಾಗದಲ್ಲಿ, ಪಿಯಾನೊ ಬಂತು. ಮೆತ್ತಗೆ ಬಂತು, ಕೈ ಹಿಡಿದು ಬಸ್ಸು ಹತ್ತಿಸಿಕೊಳ್ಳುವವರ ಹಾಗೆ. ಕೆಳಗಿನಿಂದ ಡಬಲ್ ಬಾಸು ಎದ್ದಿತು, ದಿವಾನದ ಮರವೂ ಗುಂಯ್ ಎಂದು ನನ್ನ ಮಂಡಿಗೆ ತಾಗಿತು. ಮೂರೂ ಒಟ್ಟಿಗೆ ಹೋಗುತ್ತಿದ್ದವು. ಯಾರು ಯಾರ ಹಿಂದೆ ಎಂದು ನೋಡಲು ಪುರುಸೊತ್ತಿರಲಿಲ್ಲ.

ನಡುವೆ, ಸೂಚನೆಯೇ ಇಲ್ಲದೆ, ಪಿಯಾನೊ ನಿಂತುಬಿಟ್ಟಿತು.

ಈಗಲೇ ಹೋಯಿತೇನೋ ಕಿವಿ, ಹೀಗೂ ಹೋಗುತ್ತದೆಯೇ, ಎಂದು ಏನೇನೋ ಹೊಳೆಯಿತು. ತಿರುಗಿ ನೋಡಿದರೆ ತಸ್ನೀಮ್ ಎರಡೂ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಾಳೆ. ತಾನು ನುಡಿಸುತ್ತಿದ್ದರೆ ತನ್ನದೇ ಸದ್ದು ಆ ಉಳಿದ ಒಂದು ಕಿವಿಯನ್ನು ತುಂಬಿಬಿಡುತ್ತದೆ. ಅದಕ್ಕೇ ಬಿಟ್ಟುಕೊಟ್ಟಿದ್ದಳು. ಅವಳ ತಲೆ ನನ್ನ ಪಿಟೀಲಿಗೆ ತಾಗುವಷ್ಟು ಹತ್ತಿರ ಬಾಗಿತ್ತು. ಅವಳ ತಲೆಗೂದಲಿನ ಎಣ್ಣೆಯ ವಾಸನೆ ಬರುತ್ತಿತ್ತು.

ಹಾಡುವವರು ನಿಲ್ಲಿಸಿದರೆ ಪಿಟೀಲು ನಿಲ್ಲಬೇಕು. ನಿಲ್ಲಿಸೋಣವೇ ಎಂದು ನಿಂಗಯ್ಯನವರು ಹುಬ್ಬು ಎತ್ತಿ ನನ್ನನ್ನು ಕೇಳಿದರು. ನನ್ನನ್ನು! ನಾನು ಬೇಡವೆಂದು ತಲೆಯಾಡಿಸಿದೆ. ನಾವಿಬ್ಬರೇ ಮುಂದೆ ಹೋದೆವು, ಪಿಯಾನೊ ಇರಬೇಕಾದ ಕಡೆಯೆಲ್ಲ ಅದಕ್ಕೆ ಜಾಗ ಬಿಟ್ಟು. ಕೊನೆಯ ಸ್ವರವನ್ನು ಕಮಾನಿನ ತುದಿಯವರೆಗೆ ಎಳೆದೆ. ಇನ್ನು ಎಳೆಯಲು ಕಮಾನು ಉಳಿಯಲಿಲ್ಲ.

ತಸ್ನೀಮ್ ಕಣ್ಣು ಬಿಟ್ಟಳು. ಒರೆಸಿಕೊಳ್ಳಲಿಲ್ಲ, ಕೆನ್ನೆ ಒದ್ದೆಯಾಗಿಯೇ ಇತ್ತು.

"ಕೊನೇ ಸಾಲಲ್ಲಿ ನೀನು ಒಂದು ಅಪಸ್ವರ ಹಿಡಿದೆ ಕಣೇ, ಚೂರು ಜಾಸ್ತಿ ಮೇಲಾಯ್ತು" ಎಂದಳು.

ಹೌದು, ಆಗಿತ್ತು. ಕೂದಲೆಳೆಯಷ್ಟು. ಅವಳ ಕಿವಿಗೆ ಅದು ಬಿದ್ದಿತ್ತು.